ಅಕ್ಕ ತಡೆದ ಹಡಗು

ತಂಗಿಗೆ ಡೆಸ್ಟ್ರಾಯರ್ ಹಡಗಿನಲ್ಲಿ ಜಾಗ ಸಿಕ್ಕಿತೆಂಬ ಸುದ್ದಿ ಬಂದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಕ್ಕ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಳು.

ಇಬ್ಬರೂ ನೌಕಾಪಡೆಯಲ್ಲಿ ಸೋನಾರ್ ಕೆಲಸದವರು. ನೀರಿನೊಳಗೆ ಶಬ್ದ ಕಳಿಸಿ, ತಿರುಗಿ ಬಂದ ಪ್ರತಿಧ್ವನಿಯಿಂದ ಅಡಿಯಲ್ಲೇನಿದೆ ಎಂದು ಹೇಳುವ ವಿದ್ಯೆ ಅದು. ತಂಗಿಗೆ ಅದರ ಓನಾಮ ಕಲಿಸಿದವಳೇ ಅಕ್ಕ. ಈಗ ನೋಡಿದರೆ ತಂಗಿಯದು ಮುನ್ನೂರು ಜನರ ಹಡಗು. ಕ್ಷಿಪಣಿಯಿದೆ, ಹೆಲಿಕಾಪ್ಟರಿದೆ, ಮೇಲಿಂದ ವಿಮಾನ ಬರಲಿ, ಕೆಳಗಿಂದ ಜಲಾಂತರ್ಗಾಮಿ ಬರಲಿ, ಇಡೀ ಪಡೆಗೆ ಅಡ್ಡ ನಿಲ್ಲುವಂಥದ್ದು. ಅಕ್ಕನದು ಸಮುದ್ರದ ತಳದಲ್ಲಿ ಹುದುಗಿ, ಹಡಗು ಬಂದರೆ ಸಿಡಿಯುವ ಮೈನುಗಳನ್ನು ಹುಡುಕಿ ದೊಡ್ಡ ಹಡಗುಗಳಿಗೆ ದಾರಿ ಬಿಡಿಸುವ ಪುಟ್ಟ ಹಡಗು. ಕಬ್ಬಿಣ ಕಂಡರೆ ಮೈನು ಕೆರಳುತ್ತದೆಂದು ಅದರ ಮೈಯೆಲ್ಲ ಫೈಬರ್. ತಂಗಿ ಒಮ್ಮೆ ಅದನ್ನು ‘ಪ್ಲಾಸ್ಟಿಕ್ ಬಕೆಟ್’ ಎಂದಾಗ ಮನೆಯವರೆಲ್ಲ ನಕ್ಕಿದ್ದರು. ಅಕ್ಕನೂ ಹಲ್ಲು ಕಚ್ಚಿಕೊಂಡೇ ನಕ್ಕಿದ್ದಳು.

ನಡುಮನೆಯ ಗೋಡೆಗೆ ಡೆಸ್ಟ್ರಾಯರಿನ ಫೋಟೋ ಬಂತು.

“ನನ್ನ ಹಡಗಿನದು ಎಲ್ಲಮ್ಮಾ?” ಎಂದಳು ಅಕ್ಕ.

“ಅದು ಚಿಕ್ಕದಲ್ವೇನೇ, ಫ್ರಿಜ್ಜಿನ ಮೇಲಿಟ್ಟಿದೀನಿ,” ಎಂದಳು ಅಮ್ಮ.

ಏಳು ತಿಂಗಳ ಯಾನ ಮುಗಿಸಿ ಡೆಸ್ಟ್ರಾಯರ್ ಮರಳುವ ವಾರವೇ ಮೀನುಗಾರರ ಬಲೆಗೆ ಹಿಂದಿನ ಯುದ್ಧದ ಮೈನೊಂದು ಸಿಕ್ಕಿತು. ಬಂದರಿನ ದಾರಿಯನ್ನೆಲ್ಲ ಜಾಲಾಡುವ ಕೆಲಸ ಅಕ್ಕನ ಹಡಗಿಗೆ ಬಿತ್ತು. ಕೊನೆಯ ದಿನ, ದಂಡೆಯಲ್ಲಿ ಬ್ಯಾಂಡಿನವರು, ಹೂ ಹಿಡಿದ ಅಮ್ಮ, ಎಲ್ಲರೂ ಕಾಯುತ್ತಿದ್ದಾಗ, ಅಕ್ಕನ ಪರದೆಯ ಮೇಲೆ ಕಪ್ಪಗೊಂದು ಗಂಟು ಕಂಡಿತು. ಬಂಡೆಯಿದ್ದರೂ ಇರಬಹುದು. ಬೇರೆ ದಿನವಾಗಿದ್ದರೆ ಬಂಡೆಯೆಂದು ಬರೆದುಬಿಡುತ್ತಿದ್ದಳೇನೋ.

“ಏನಮ್ಮಾ, ದಾರಿ ಬಿಡೋಣ್ವಾ? ಡೆಸ್ಟ್ರಾಯರಿನಿಂದ ಕರೆ ಮೇಲೆ ಕರೆ ಬರ್ತಿದೆ,” ಎಂದರು ಕ್ಯಾಪ್ಟನ್.

“ಸಂಶಯ ಇದೆ ಸರ್. ಇಳಿದು ನೋಡ್ಲೇಬೇಕು.”

“ಎಷ್ಟು ಸಂಶಯ?”

“ಅರ್ಧಕ್ಕರ್ಧ.”

ಕ್ಯಾಪ್ಟನ್ ರೇಡಿಯೋ ಎತ್ತಿಕೊಂಡು ಡೆಸ್ಟ್ರಾಯರಿಗೆ ನಿಲ್ಲಲು ಹೇಳಿದರು. ಅಕ್ಕ ಹೊರಗೆ ಬಂದು ನೋಡಿದಳು. ದೂರದಲ್ಲಿ ಆ ಬೂದುಬಣ್ಣದ ದೈತ್ಯ, ಬಾಗಿಲು ತೆರೆಯದ ಮನೆಯ ಮುಂದಿನ ನೆಂಟನ ಹಾಗೆ ಅತ್ತಿಂದಿತ್ತ ಸುಳಿಯುತ್ತಿತ್ತು. ಅವಳ ಎದೆಯೊಳಗೆ ತಣ್ಣಗಾಯಿತು. ಅದು ಯಾತರ ತಂಪೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೂರು ಗಂಟೆಯ ಮೇಲೆ ಮುಳುಗುಗಾರ ತಲೆಯೆತ್ತಿ, “ಹಳೇ ಬಾಯ್ಲರ್! ಒಳಗೆ ಏಡಿ ಸಂಸಾರ ಹೂಡಿದೆ,” ಎಂದ. ಎಲ್ಲರೂ ನಕ್ಕರು. ಅಷ್ಟರಲ್ಲಿ ಬ್ಯಾಂಡಿನವರು ಗಂಟುಮೂಟೆ ಕಟ್ಟಿದ್ದರು. ಬಿಸಿಲು ತಾಳದೆ ಅಮ್ಮನೂ ಮನೆಗೆ ಹೋಗಿದ್ದಳು.

ಸಂಜೆ ತಂಗಿ ಚೀಲ ಕೆಳಗಿಡುವ ಮೊದಲೇ ಕೇಳಿದಳು: “ಅಕ್ಕಾ, ಬೇಕಂತಲೇ ನಿಲ್ಸಿದ್ಯಾ?”

“ಬಂದ ತಕ್ಷಣ ಏನು ಮಾತೇ ಇದು!” ಎಂದು ಅಮ್ಮ ಗದರಿದಳು.

ಅಕ್ಕ ತಲೆ ತಗ್ಗಿಸಲಿಲ್ಲ. “ಸಂಶಯ ಬಂದದ್ದು ನಿಜ. ನೀನು ಕಾಯ್ತಿದೀಯ ಅಂತ ಖುಷಿಯಾದದ್ದೂ ನಿಜ. ಯಾವುದು ಮೊದಲು ಬಂತೋ, ನನಗೇ ಗೊತ್ತಿಲ್ಲ ಕಣೇ.”

ತಂಗಿ ಕುರ್ಚಿಯಲ್ಲಿ ಕುಸಿದು ಕೂತಳು. ಜಗಳವಾಡುತ್ತಾಳೆಂದುಕೊಂಡರೆ ಅವಳ ಧ್ವನಿಯೇ ಸಣ್ಣಗಾಗಿತ್ತು. “ಏಳು ತಿಂಗಳು ನಾನು ಕೇಳಿಸ್ಕೊಂಡಿದ್ದು ಬರೀ ತಿಮಿಂಗಿಲ. ಅಲ್ಲಿ ನನ್ನ ಮೇಲೆ ಐದು ಜನ ಇದಾರೆ, ನನ್ನ ಮಾತು ಮೇಲಕ್ಕೆ ಹೋಗೋಷ್ಟರಲ್ಲೇ ಸತ್ತುಹೋಗುತ್ತೆ. ನೀನು ಒಂದು ಮಾತಂದೆ, ಮುನ್ನೂರು ಜನ ನಿಂತ್ರು. ಡೆಕ್ಕಿನ ಮೇಲೆ ನಿಂತು ಹೊಟ್ಟೆ ಉರಿದುಹೋಯ್ತು ನನಗೆ.”

“ತುಂಬಾನಾ?” ಅಕ್ಕ ಕೇಳಿಯೇಬಿಟ್ಟಳು.

“ತುಂಬಾ.”

ಅಕ್ಕನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆದರೆ ಆ ಹೊತ್ತು ಊಟಕ್ಕೆ ಕೂತಾಗ ತಂಗಿಗೆ ತಾನೇ ಬಡಿಸಿದಳು; ಎರಡನೆಯ ಸಲ ಕೇಳದೆಯೇ ಬಡಿಸಿದಳು.