ಷೇರಿಲ್ಲದವರು ಕೂತಿರಲಿ

“ಕೊಟ್ಟಾಗ ತಗೊಂಡ್ಬಿಡ್ಬೇಕು ವರ್ನಾ. ಬೇಡ ಅಂದ್ರೆ ಪಾಪ, ಅವರಿಗೆ ಬೇಜಾರು,” ಎನ್ನುತ್ತ ಲೈಲ್ ಹ್ಯಾವರ್‌ಕ್ಯಾಂಪ್ ಬುರಿಟೊ ರೊಟ್ಟಿಸುರುಳಿಯ ಕೊನೆಯ ತುಂಡನ್ನು ಬಾಯಿಗಿಟ್ಟುಕೊಂಡ.

“ನಿಮಗೆ ಬೇಜಾರಾಗ್ಲಿಲ್ವಾ ಬಾಸ್?”

“ಹತ್ತು ಸಾವಿರ ಷೇರು ಕಣಮ್ಮಾ! ಬೇಜಾರಿಗೆ ಜಾಗ ಎಲ್ಲಿ?”

ಎರಡು ಸಾವಿರನೆಯ ಇಸವಿಯ ವಸಂತ. ಸ್ಯಾನ್ ಹೋಸೆಯ ಆ ಟೆಲಿಫೋನ್ ಕಂಪನಿಯಲ್ಲಿ ಲೈಲ್ ಖರೀದಿ ಸಮಿತಿಯ ಅಧ್ಯಕ್ಷ. ವರ್ನಾ ಒಕಿಮೊಟೊ ಪರೀಕ್ಷಾ ವಿಭಾಗದ ಮುಖ್ಯಸ್ಥೆ, ಅದೇ ಸಮಿತಿಯ ಸದಸ್ಯೆ ಕೂಡ. ಲ್ಯಾಂಟರ್ನ್ ರಿಡ್ಜ್ ಎಂಬ ಪುಟ್ಟ ಕಂಪನಿ ಕರೆಗಳನ್ನು ಹಾಯಿಸುವ ಪೆಟ್ಟಿಗೆಯೊಂದನ್ನು ಮಾಡಿತ್ತು. ಷೇರುಪೇಟೆಗೆ ಇಳಿಯುವ ಮೊದಲೇ, ಕೊಳ್ಳುವವರನ್ನು ‘ಸಲಹೆಗಾರ’ರನ್ನಾಗಿ ಮಾಡಿಕೊಂಡು ಗುಟ್ಟಾಗಿ ಷೇರು ಹಂಚಿತ್ತು. ವರ್ನಾ ತೆಗೆದುಕೊಂಡಿರಲಿಲ್ಲ. ಅದು ಲೈಲನ ಸಲಹೆ ಕೇಳಿದ್ದು ಒಂದೇ ಸಲ: ಗಾಲ್ಫ್ ಮೈದಾನದಲ್ಲಿ, ಯಾವ ಬಿಯರ್ ತರಿಸೋಣ ಅಂತ.

ವರ್ನಾ ಹನ್ನೊಂದು ದಿನ ಆ ಪೆಟ್ಟಿಗೆಯನ್ನು ಹಿಂಡಿ ನೋಡಿದ್ದಳು. ಕರೆಗಳು ಹೆಚ್ಚಾದರೆ ಅದು ನಲವತ್ತು ಸೆಕೆಂಡು ಸತ್ತು ಮತ್ತೆ ಏಳುತ್ತಿತ್ತು. ಊರಿನ ಆಂಬುಲೆನ್ಸ್ ಕರೆಗಳೂ ಅದರ ಮೂಲಕವೇ ಹೋಗಬೇಕಿತ್ತು.

“ಮುಂದಿನ ವರ್ಷ ಸರಿ ಮಾಡ್ತೀನಿ ಅಂತ ಟ್ರೆಂಟ್ ಮಾತು ಕೊಟ್ಟಿದಾನಲ್ಲ,” ಎಂದ ಲೈಲ್.

ವರ್ನಾ ಎದೆಗೆ ಕೈಯಿಟ್ಟು, ಕತ್ತು ವಾಲಿಸಿ, ಲ್ಯಾಂಟರ್ನ್ ರಿಡ್ಜ್‌ನ ಮಾರಾಟದ ಟ್ರೆಂಟನೇ ಆಗಿಬಿಟ್ಟಳು: “ನಾವೆಲ್ಲ ಒಂದೇ ಮನೆಯವರಲ್ವಾ ಲೈಲ್!”

ಲೈಲ್ ನಕ್ಕ. ಆಮೇಲೆ ಮೆಲ್ಲಗೆ ಹೇಳಿದ: “ಗುರುವಾರ ಸಮಿತಿ ಸಭೆಲಿ ಎದುರು ಮಾತಾಡ್ಬೇಡ. ಆಮೇಲೆ ನಿನ್ನ ವಿಭಾಗನ ನಾನೂ ಉಳಿಸೋಕಾಗಲ್ಲ.”

ಹನ್ನೆರಡು ವರ್ಷದ ಹಿಂದೆ ಕೇಬಲ್ ಗುಂಡಿಯಲ್ಲಿ ದುಡಿಯುತ್ತಿದ್ದವಳನ್ನು ಮೇಲೆ ತಂದು ಕೆಲಸ ಕಲಿಸಿದ್ದವನು ಅವನೇ.

ಗುರುವಾರ ಮೇಜಿನ ಸುತ್ತ ವರ್ನಾ ಸೇರಿ ಏಳು ಜನ. ವರ್ನಾ ಎಲ್ಲರ ಮುಂದೆ ಅರ್ಧ ಪುಟದ ಒಂದೊಂದು ಹಾಳೆ ಇಟ್ಟಳು. ಮಾರುವ ಕಂಪನಿಯ ಷೇರು ಇದ್ದವರು ಮತ ಹಾಕುವಂತಿಲ್ಲ, ಉಳಿದವರ ಮತವೇ ಅಂತಿಮ: ಕಾನೂನು ವಿಭಾಗದ ಹಳೆಯ ನಿಯಮ, ಯಾರೂ ಬಳಸಿರಲಿಲ್ಲ.

“ಷೇರಿಲ್ಲದವರು ಸಹಿ ಮಾಡಿ ಕೂತಿರಿ. ಇರೋರಿಗೆ ಹೊರಗೆ ಕಾಫಿ ಇದೆ. ಸುಳ್ಳು ಸಹಿ ಮಾಡಿದ್ರೆ ಕೆಲಸ ಹೋಗುತ್ತಂತೆ.”

ಪೆನ್ನುಗಳು ಗಾಳಿಯಲ್ಲೇ ನಿಂತವು. ಲೆಕ್ಕಪತ್ರದ ಡ್ವೇನ್ ಕೆಮ್ಮಿ ಎದ್ದ. ಪಕ್ಕದವನ ಕುರ್ಚಿ ಕಿರ್ರೆಂದಿತು.

“ನಿನಗೂನಾ?”

“ಯಾಕೆ, ನಿನಗೂ ಕೊಟ್ರಾ?”

ಪ್ರತಿಯೊಬ್ಬನೂ ತಾನೊಬ್ಬನೇ ಸಲಹೆಗಾರ ಅಂದುಕೊಂಡಿದ್ದ.

ಕೊನೆಗೆ ಉಳಿದವನು ಲೈಲ್. ಅವನ ಕಿವಿ ಕೆಂಪಾಗಿತ್ತು. “ನನ್ನನ್ನೂ ಕಳಿಸ್ತೀಯಾ?”

ಅವಳು ಅವನ ಮುಂದಿನ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. “ನೀವೂ ಎದ್ದೇಳ್ಬೇಕು, ಬಾಸ್.”

ಅವನು ಎದ್ದ. ಆಮೇಲೆ ಅಧ್ಯಕ್ಷರ ಕಡತವನ್ನು ಅವಳತ್ತ ಸರಿಸಿ ಹೊರನಡೆದ.

ಗಾಜಿನ ಗೋಡೆಯಾಚೆ ಆರು ಸಲಹೆಗಾರರು ಕಾಗದದ ಲೋಟ ಹಿಡಿದು, ನಿನಗೆಷ್ಟು ನಿನಗೆಷ್ಟು ಎಂದು ಕೇಳಿಕೊಳ್ಳುತ್ತಿದ್ದರು. “ನನಗೆ ಹನ್ನೆರಡು ಸಾವಿರ,” ಎಂದು ಡ್ವೇನ್ ಗೊಣಗಿದ್ದು ತೆರೆದ ಬಾಗಿಲಿನಿಂದ ಒಳಗೂ ಕೇಳಿಸಿತು.

“ಅಧ್ಯಕ್ಷನಿಗಿಂತ ನಿನಗೇ ಜಾಸ್ತಿನೇನಯ್ಯಾ!” ಲೈಲನಿಗೆ ನಗು ಬಂತು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಲೋಟ ಚೆಲ್ಲಿತು. ಒಬ್ಬೊಬ್ಬರಾಗಿ ಉಳಿದವರೂ ನಕ್ಕರು. ಅವನಷ್ಟು ಜೋರಾಗಿ ಯಾರೂ ನಗಲಿಲ್ಲ.

ಒಳಗೆ ವರ್ನಾ ಕಡತ ತೆರೆದಳು. “ಈ ಪೆಟ್ಟಿಗೆ ಬೇಡ ಅನ್ನೋರು?” ಎಂದು ತಾನೇ ಕೇಳಿ, ಆರು ಖಾಲಿ ಕುರ್ಚಿಗಳ ಎದುರು ಕೈಯೆತ್ತಿದಳು.