ಕೆಂಪು ಕಣ್ಣಿನ ಮರಿ

ಮೊಟ್ಟೆಯ ಸೀಳಿನಿಂದ ಹೊರಬಂದ ಮೂತಿಯಲ್ಲಿ ಕಣ್ಣು ಕೆಂಪಗಿತ್ತು. ಸುಗತನ ಕೈಯಿಂದ ಮೊಟ್ಟೆ ಇಟ್ಟಿದ್ದ ಡಬ್ಬಿಯ ಮುಚ್ಚಳ ಜಾರಿ ಬಿತ್ತು. ಮರ್ಫಿ ಟೌನಿನ ಮನೆಯ ಹಿಂದಿನ ಕೋಣೆಯಲ್ಲಿ ಅವನು ಮರಿಯಿಂದ ಸಾಕಿದ್ದ ಕಾರ್ನ್ ಸ್ನೇಕ್ ಜಾತಿಯ ಹಾವಿನ ಜೋಡಿ ಎರಡೂ ಕಂದು, ಮೈತುಂಬ ಕಪ್ಪಂಚಿನ ಮಚ್ಚೆ. ಈ ಮರಿಯ ಕಂಡಷ್ಟು ಮೈಯಲ್ಲಿ ಕಪ್ಪು ಹುಡುಕಿದರೂ ಇಲ್ಲ. ಬರೀ ಬಿಳಿ, ತಿಳಿ ಕಿತ್ತಳೆ.

ಅವನು ಮೊಬೈಲಿನಲ್ಲಿ ಕಿರುಚಿದ. "ನಯಾಜ್, ಎಂಥ ಹಾವು ಕೊಟ್ಟಿದೀಯ ಗುರು? ಹೆಣ್ಣನ್ನ ಬೇರೆ ಗಂಡಿನ ಜೊತೆ ಬಿಟ್ಟಿದ್ಯಾ?"

ಶಿವಾಜಿನಗರದಲ್ಲಿದ್ದ ಗೆಳೆಯ ನಕ್ಕ. "ಅರೇ, ಮರಿ ಇದ್ದಾಗ್ಲೇ ಕೊಟ್ನಲ್ಲೋ! ಅಪ್ಪ ನಿನ್ ಹತ್ರ ಇರೋ ಗಂಡೇ. ಆ ಬಣ್ಣ ಎರಡರೊಳಗೂ ಬಚ್ಚಿಟ್ಕೊಂಡು ಕೂತಿತ್ತು ಮಗಾ. ಒಬ್ರಿಂದ ಮಾತ್ರ ಬಂದ್ರೆ ಕಾಣಲ್ಲ. ಅಪ್ಪ ಅಮ್ಮ ಇಬ್ರೂ ಕೊಟ್ರೇನೇ ಹಿಂಗೆ."

"ಇಬ್ರೂನಾ?"

"ಹೂಂ, ಇಬ್ರೂ. ಯಾಕೋ ಸುಮ್ನಾದೆ? ಕರೆನ್ಸಿ ಮುಗೀತಾ?"

ಸುಗತ ನಡುಮನೆಯತ್ತ ನೋಡುತ್ತಿದ್ದ. ಕಿಟಕಿಯ ಪಕ್ಕ ಬಾಣಂತಿ ಅಕ್ಕ ಹೇಮಶ್ರೀ ತಲೆ ತಗ್ಗಿಸಿ ಕೂತಿದ್ದಳು. ಮಡಿಲಲ್ಲಿ ಮಗು: ಹಾಲಿನಂಥ ಮೈ, ಹಾಲಿನಂಥ ಕೂದಲು, ರೆಪ್ಪೆಯೂ ಬಿಳಿ. ಎದುರಿಗೆ ಕುರ್ಚಿಯಲ್ಲಿ ಕೆ.ಆರ್. ಪುರದಿಂದ ಬಂದಿದ್ದ ಅವಳ ಅತ್ತೆ ದೊಡ್ಡಮುನಿಯಮ್ಮ.

"ನನ್ ಮಗ ಕಪ್ಪು, ನೀನೂ ಕಪ್ಪು. ಇದೆಲ್ಲಿಂದ ಬಂತು? ಇದು ನಮ್ಮ ಮನೇದಲ್ಲ. ತೊಟ್ಲು ಶಾಸ್ತ್ರ ನಾವ್ ಮಾಡಲ್ಲ. ನೀನು ಇಲ್ಲೇ ಇದ್ಬಿಡು."

ಸುಗತ ಡಬ್ಬಿ ಎತ್ತಿಕೊಂಡು ಓಡಿಬಂದ.

"ಅಯ್ಯಯ್ಯೋ!" ದೊಡ್ಡಮುನಿಯಮ್ಮ ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡಳು. "ಮಗಿನ್ ಇಸ್ಯ ಮಾತಾಡ್ತಿದ್ರೆ ಹಾವ್ ತತ್ತಾನಲ್ಲ! ಇವನ್ ತಲೆ ನೆಟ್ಟಗೈತಾ?"

"ವಿಷ ಇಲ್ಲಮ್ಮಾ, ಒಂದ್ಸಲ ನೋಡಿ. ಇದರ ಅಪ್ಪ ಅಮ್ಮ ಅಲ್ಲಿ ಗಾಜಿನ ಪೆಟ್ಟಿಗೇಲಿವೆ, ಎರಡೂ ಕಂದು. ಇದು ಅವುಗಳದೇ ಮರಿ. ಮನುಷ್ಯರಲ್ಲೂ ಹಂಗೇ. ನಮ್ ಕಡೆಯಿಂದ್ಲೂ ಬಂದಿರ್ಬೇಕು, ನಿಮ್ ಕಡೆಯಿಂದ್ಲೂ ಬಂದಿರ್ಬೇಕು. ಇಲ್ದಿದ್ರೆ ಮಗು ಹಿಂಗೆ ಹುಟ್ಟಲ್ಲ." ಅವನು ಉಸಿರು ಎಳೆದುಕೊಂಡ. "ನಿಮ್ಮಲ್ಲಿ ಯಾರಾದ್ರೂ ಹಿಂಗಿದ್ರಾ?"

ದೊಡ್ಡಮುನಿಯಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿದಳು. ಮೊಟ್ಟೆಯಿಂದ ಪೂರ್ತಿ ಬಿಡಿಸಿಕೊಂಡ ಮರಿ ನಾಲಿಗೆ ಚಾಚಿತು. ಅವಳ ಕಾಲು ಒಂದೊಂದಾಗಿ ನೆಲಕ್ಕಿಳಿಯಿತು.

"ಸಂಜೀವಪ್ಪ," ಎಂದಳು. "ನನ್ ತಮ್ಮ."

ಹೇಮಶ್ರೀ ತಲೆ ಎತ್ತಿದಳು.

"ಇಂಥದೇ ಕೂದ್ಲು. ನನ್ ಮಗನಲ್ಲ ಅಂತ ನಮ್ಮಪ್ಪ ಅವ್ವನ್ನ ಆಚೆಗಾಕ್ದ. ತಮ್ಮನ್ನ ಎತ್ಕೊಂಡು ತೌರಿಗೋದ್ಲು ಅವ್ವ. ತಿರ್ಗಾ ಬರ್ನೇ ಇಲ್ಲ." ಅವಳು ಡಬ್ಬಿಯಿಂದ ಕಣ್ಣು ಕೀಳಲಿಲ್ಲ. "ಅಪ್ಪ ಹೇಳಿದ್ದೇ ದಿಟ ಅಂದ್ಕೊಂಡಿದ್ನಲ್ಲಪ್ಪಾ ನಾನು. ಇಷ್ಟು ವರ್ಷವೂ."

ಗಾಳಿಗೆ ಪರದೆ ಸರಿದು, ಬಿಸಿಲು ಮಗುವಿನ ಮುಖಕ್ಕೆ ಬಿತ್ತು. ಮಗು ಕಣ್ಣು ಹಿಂಡಿಕೊಂಡು ಚೀರಿತು. ಹೇಮಶ್ರೀ ಕೈ ಅಡ್ಡ ಹಿಡಿಯುವ ಮೊದಲೇ ದೊಡ್ಡಮುನಿಯಮ್ಮ ಎದ್ದು ಬಂದು, ಸೆರಗನ್ನು ಬಿಡಿಸಿ ಕಿಟಕಿಗೆ ಅಡ್ಡವಾಗಿ ಹಿಡಿದು ನಿಂತಳು. ಮಗು ಅಳು ನಿಲ್ಲಿಸಿದ ಮೇಲೂ ಅವಳು ಕೈ ಇಳಿಸಲಿಲ್ಲ.