ಇಳಿದು ನೋಡಿದ ತೋಟ

"ಇಲ್ಲಿ ಎಂಥದೂ ಇಲ್ಲ ಟೀಚರೇ. ಸೊನ್ನೆ ಹಾಕಿ, ಮುಂದೆ ಹೋಗುವ," ಎಂದ ದಯಾನಂದ, ಜೀಪಿನಿಂದ ಕಾಲು ಕೆಳಗಿಡದೆ.

ಹಿಂದಿನ ಸೀಟಿನಲ್ಲಿದ್ದ ಪದ್ಮಾಕ್ಷಿ ಟೀಚರ್ ಅಂಕಪಟ್ಟಿಯ ಮೇಲೆ ಪೆನ್ನು ಇಟ್ಟವರು ಬರೆಯದೆ ಹೊರಗೆ ನೋಡಿದರು. ಮಾರ್ಚ್ ತಿಂಗಳ ಬಿಸಿಲಿಗೆ ಕಲ್ಲಪದವು ಎಂಬ ಆ ಬೋಳು ಪದವು, ಮರವಿಲ್ಲದ ಎತ್ತರದ ಬಯಲು, ಕಾದ ಕಾವಲಿಯಾಗಿತ್ತು. ಹುಲ್ಲುಕಡ್ಡಿಯೂ ಇಲ್ಲದ ಕೆಂಪು ಅಂಗಳ, ಸಣ್ಣದೊಂದು ಹಂಚಿನ ಮನೆ, ಮನೆಯ ಹಿಂದೆ ಒಣಗಿದ ಮುಳ್ಳಿನ ಬೇಲಿ. ಬೇಲಿಯಾಚೆ ಮೊಣಕಾಲೆತ್ತರದ ಒಂದೇ ಒಂದು ಪೊದೆ. ಮನೆತೋಟ ಸ್ಪರ್ಧೆಯ ಅರ್ಜಿಯಲ್ಲಿ ಮಾತ್ರ ‘ಮೈಮೂನಮ್ಮ, ಕಲ್ಲಪದವು, ತೋಟದ ವಿಸ್ತೀರ್ಣ ಹದಿನೆಂಟು ಸೆಂಟ್ಸ್’ ಎಂದು ಶಾಲೆಗೆ ಹೋಗುವ ಮೊಮ್ಮಗಳು ದುಂಡಗೆ ಬರೆದಿದ್ದಳು. ಹೋದ ವರ್ಷವೂ ಈ ಮನೆಯಿಂದ ಅರ್ಜಿ ಬಂದಿತ್ತು, ಹೋದ ವರ್ಷವೂ ಸೊನ್ನೆ ಬಿದ್ದಿತ್ತು.

ಗೇಟಿನಿಂದಲೇ ಅಂಕ ಹಾಕುವುದು ಹಸಿರಂಗಳ ಬಳಗದ ಕಾನೂನು. ಆ ಕಾನೂನು ಮಾಡಿದವನು ಬಳಗದ ಕಾರ್ಯದರ್ಶಿಯಾದ ದಯಾನಂದನೇ. ಕಾರಣವೂ ಇತ್ತೆನ್ನಿ. ನಾಲ್ಕು ವರ್ಷದ ಹಿಂದೆ, ಚಂದದ ಮನೆತೋಟಗಳಿಗೆ ಶಾಲು, ಫಲಕ ಕೊಡಲು ಬಳಗ ಶುರುಮಾಡಿದಾಗ, ತೀರ್ಪುಗಾರರು ಮನೆಮನೆಯ ಅಂಗಳಕ್ಕೆ ಇಳಿದಿದ್ದರು. ಅಂಗಳಕ್ಕೆ ಬಂದವರನ್ನು ಬಾಯಾರಿಕೆಗೆ ಕೊಡದೆ ಕಳಿಸುವ ಕ್ರಮ ಬೆಳ್ತಂಗಡಿಯ ಈ ಕಡೆಗೆಲ್ಲ ಇಲ್ಲ. ಪುನರ್ಪುಳಿ ಶರಬತ್ತು, ಬೊಂಡದ ಎಳನೀರು, ಬೆಲ್ಲ ನೀರು, ಲಿಂಬೆ ಪಾನಕ. ಬೇಡ ಎಂದರೆ ಮನೆಯವರ ಮುಖ ಸಪ್ಪೆ. ಹದಿನೇಳನೆಯ ಲೋಟ ಇಳಿಸಿದ ಮೇಲೆ ದಯಾನಂದ ಹೊಟ್ಟೆ ಹಿಡಿದುಕೊಂಡು ಎರಡು ದಿನ ಮಲಗಿದ್ದ. ಮರುವರ್ಷದಿಂದ ತೀರ್ಪುಗಾರರು ಗೇಟು ದಾಟುವಂತಿಲ್ಲ, ರಸ್ತೆಗೆ ಕಾಣುವುದೇ ತೋಟ ಎಂದಾಯಿತು. ಜನರೂ ಹುಷಾರು, ಹಿತ್ತಿಲಲ್ಲಿದ್ದ ಕುಂಡಗಳೆಲ್ಲ ಒಂದೇ ವರ್ಷದಲ್ಲಿ ಗೇಟಿನ ಬುಡಕ್ಕೆ ಬಂದು ಕುಳಿತವು.

"ದಯಾನಂದಾ, ಆ ಪೊದೆ ನೋಡು," ಎಂದರು ಟೀಚರ್. ಅವನಿಗೆ ಎಂಟನೆಯ ಕ್ಲಾಸಿನಲ್ಲಿ ವಿಜ್ಞಾನ ಕಲಿಸಿದವರು, ನಿವೃತ್ತರಾದ ಮೇಲೂ ಸಲಿಗೆ ಬಿಟ್ಟಿರಲಿಲ್ಲ. "ಸಂಪಿಗೆಯ ಎಲೆ ಅಲ್ವಾ ಅದು? ಈ ಕಲ್ಲಿನ ಮೇಲೆ, ಈ ಬಿಸಿಲಿಗೆ, ಅಷ್ಟು ಹಸಿರು ಹೇಗೆ ಉಂಟು ಮಾರಾಯ?"

"ಎಂಥದೋ ಕಾಡುಗಿಡ. ಗೇಟು ದಾಟ್ಲಿಕ್ಕಿಲ್ಲ ಟೀಚರೇ, ಕಾನೂನು."

"ಕಾನೂನು ನಿಂದು. ಕಾಲು ನಂದು," ಎಂದು ಅವರು ಇಳಿದೇಬಿಟ್ಟರು.

ದಯಾನಂದನಿಗೆ ಇಳಿಯಲು ಮನಸ್ಸಿಲ್ಲದಿದ್ದುದಕ್ಕೆ ಬೇರೆಯೇ ಕಾರಣವಿತ್ತು. ತೋಟದ ಬಳಗಕ್ಕೆ ಮಾತ್ರವಲ್ಲ, ಅವನು ಗ್ರಾಮ ಪಂಚಾಯತಿಗೂ ಕಾರ್ಯದರ್ಶಿ. ಆ ಬೇಲಿಯ ಹಿಂದೆ ಏನಿದೆಯೆಂದು ಕಡತದ ಪ್ರಕಾರ ಅವನಿಗೆ ಗೊತ್ತಿತ್ತು: ಕೆಂಪುಕಲ್ಲು ಕಡಿದು ತೆಗೆದು ಕೆಲಸ ನಿಂತ ಹಳೆಯ ಕೋರೆ, ಆಳದ ಕಲ್ಲುಗಣಿ. ಹೋದ ಮಳೆಗಾಲದಲ್ಲಿ ಪಕ್ಕದ ಊರಿನಲ್ಲಿ ಇಂಥದೇ ಕೋರೆಯ ನೀರಿಗೆ ಬಿದ್ದು ಇಬ್ಬರು ಮಕ್ಕಳು ತೀರಿಕೊಂಡಿದ್ದರು. ಹಳೆಯ ಕೋರೆಗಳನ್ನೆಲ್ಲ ಮಳೆಯ ಮೊದಲು ಮುಚ್ಚಬೇಕೆಂದು ಮೇಲಿನಿಂದ ಆದೇಶ ಬಂತು. ದಯಾನಂದ ಇದೇ ಜೀಪಿನಲ್ಲಿ ಕುಳಿತು ರಸ್ತೆಯಿಂದಲೇ ಹನ್ನೊಂದು ಕೋರೆ ಎಣಿಸಿದ್ದ; ಹನ್ನೊಂದಕ್ಕೂ ‘ಸ್ಥಳ ಪರಿಶೀಲಿಸಲಾಗಿದೆ, ಅಪಾಯಕಾರಿ ಗುಂಡಿ’ ಎಂದು ಬರೆದು ನೋಟೀಸು ಕಳಿಸಿದ್ದ. ಆರು ಆಗಲೇ ಮುಚ್ಚಿಯಾಗಿತ್ತು. ಏಳನೆಯದು ಮೈಮೂನಮ್ಮನದು. ಇಂದು ಶನಿವಾರ, ಸೋಮವಾರ ಬೆಳಿಗ್ಗೆ ಮಣ್ಣಿನ ಟಿಪ್ಪರುಗಳು ಬರುವುದಿತ್ತು.

ಬೇಲಿಯ ತಡಮೆ ದಾಟಿದ ಟೀಚರ್ ಅಲ್ಲೇ ನಿಂತುಬಿಟ್ಟರು. ಎರಡು ಸಲ ಕರೆದರೂ ತಿರುಗಲಿಲ್ಲ. ಜೀಪಿನ ಡ್ರೈವರ್ ಅಣ್ಣು, "ಅವರಿಗೆ ತಲೆ ತಿರುಗಿತೋ ಏನೋ, ನೋಡಿ ಸರ್," ಎಂದ ಮೇಲೆ ದಯಾನಂದ ಇಳಿದು ಹೋದ. ಹೋಗಿ ಅವರ ಪಕ್ಕ ನಿಂತು ಕೆಳಗೆ ನೋಡಿದ.

ಪೊದೆ ಎಂದುಕೊಂಡದ್ದು ಪೊದೆಯಲ್ಲ, ಒಂದು ದೊಡ್ಡ ಸಂಪಿಗೆ ಮರದ ನೆತ್ತಿ. ಮರ ನಿಂತಿದ್ದುದು ಅವರ ಕಾಲಿನ ಬುಡದಿಂದ ನಾಲ್ಕಾಳು ಕೆಳಗೆ. ಅದರ ಸುತ್ತ, ಇಡೀ ಕೋರೆಯ ತುಂಬ, ಕಣ್ಣು ಹೋದಲ್ಲೆಲ್ಲ ಹಸಿರು.

"ಅಬ್ಬ!" ಎಂದಷ್ಟೇ ಅವನ ಬಾಯಿಂದ ಬಂತು.

"ಬನ್ನಿ ಟೀಚರೇ. ಸೆಕ್ರೆಟ್ರಿಯವರೂ ಬನ್ನಿ," ಎಂದು ಕೆಳಗಿನಿಂದ ಯಾರೋ ಕರೆದರು. ಎಲೆಗಳ ಮಧ್ಯದಿಂದ ತಲೆಗೆ ಬಿಳಿ ಬಟ್ಟೆ ಕಟ್ಟಿದ, ಅರುವತ್ತು ದಾಟಿದ ಹೆಂಗಸೊಬ್ಬರು ಕೊಡಪಾನ ಹಿಡಿದು ಮೇಲೆ ನೋಡುತ್ತಿದ್ದರು. "ಇಪ್ಪತ್ತಾರು ಮೆಟ್ಟಿಲು ಉಂಟು. ಗೋಡೆ ಹಿಡ್ಕೊಂಡು ಇಳೀರಿ."

ಮೆಟ್ಟಿಲುಗಳನ್ನು ಕೋರೆಯ ಕಲ್ಲಿನಲ್ಲೇ ಕಡಿದಿದ್ದರು. ಐದನೆಯ ಮೆಟ್ಟಿಲಿಗೆ ಬಿಸಿಲು ಹಿಂದುಳಿಯಿತು. ಹತ್ತನೆಯದಕ್ಕೆ ಕುತ್ತಿಗೆಯ ಬೆವರು ತಣ್ಣಗಾಯಿತು. ಕಲ್ಲು ಎಬ್ಬಿಸಿದ ಒಂದೊಂದು ಜಾಗವೂ ಗೋಡೆಯಲ್ಲಿ ಚೌಕದ ಗೂಡಾಗಿ ಉಳಿದಿತ್ತು; ಒಂದೊಂದು ಗೂಡಿನಲ್ಲೂ ಒಂದು ಗಿಡ. ಎಲ್ಲಿ ಜರಿಗಿಡ, ಎಲ್ಲಿ ಅಬ್ಬಲಿಗೆ, ಎಲ್ಲಿ ನಂದಿಬಟ್ಟಲು ಎಂದು ನೋಡುವಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬೀಳುತ್ತಿತ್ತು. ವೀಳ್ಯದ ಬಳ್ಳಿ ಗೋಡೆ ಹಿಡಿದು ಮೇಲೇರಿತ್ತು. ಸಂಪಿಗೆಯ ಕೊಂಬೆಗಳಲ್ಲಿ ಸೀತಾಳೆ ದಂಡೆಯ ಗಿಡಗಳು ಬೇರು ಇಳಿಬಿಟ್ಟು ಕುಳಿತಿದ್ದವು. ತಳದಲ್ಲಿ ಬಸಳೆಯ ಚಪ್ಪರ, ಅದರಾಚೆ ಮಲ್ಲಿಗೆಯ ಸಾಲು, ಮೂಲೆಯಲ್ಲಿ ಕಲ್ಲಿನಿಂದ ಜಿನುಗಿದ ನೀರು ನಿಂತ ಹಾಸಿಗೆಯಗಲದ ಹೊಂಡ. ಹಕ್ಕಿಗಳ ಗಲಾಟೆಯಲ್ಲಿ ಮಾತು ಕೇಳುವಂತಿರಲಿಲ್ಲ. ಮೇಲೆ ಉರಿಯುತ್ತಿದ್ದ ಆ ಪದವಿನ ಹಕ್ಕಿಗಳೆಲ್ಲ ಇಲ್ಲಿಗೇ ಬಂದಿದ್ದವೋ ಏನೋ.

ನಾಲ್ಕು ವರ್ಷದಲ್ಲಿ ದಯಾನಂದ ನೂರಾರು ತೋಟಗಳಿಗೆ ಅಂಕ ಹಾಕಿದ್ದ. ಲಾನಿಗೆ ಹತ್ತು, ಕುಂಡಕ್ಕೆ ಹತ್ತು, ಗೇಟಿನ ಕಮಾನಿಗೆ ಹತ್ತು. ಆ ಲೆಕ್ಕವೆಲ್ಲ ಈಗ ಮಕ್ಕಳಾಟಿಕೆಯಂತೆ ಕಂಡಿತು.

ಪದ್ಮಾಕ್ಷಿ ಟೀಚರ್ ಚಪ್ಪಲಿಯನ್ನು ಕೊನೆಯ ಮೆಟ್ಟಿಲಲ್ಲೇ ಬಿಟ್ಟು, ಸಣ್ಣ ಹುಡುಗಿಯ ಹಾಗೆ ಗಿಡದಿಂದ ಗಿಡಕ್ಕೆ ಹೋಗುತ್ತಿದ್ದರು. "ಇಷ್ಟನ್ನೂ ಯಾರು ಮಾಡಿದ್ದು ಮೈಮೂನಮ್ಮ?"

"ಮಾಡ್ಲಿಕ್ಕೆ ಯಾರಿದ್ದಾರೆ ಟೀಚರೇ? ಕಲ್ಲು ಕಡಿದದ್ದು ನಮ್ಮವರು, ಮಮ್ಮು ಬ್ಯಾರಿ. ಮೂವತ್ತು ವರ್ಷ ಇದರೊಳಗೇ ಇದ್ದರು. ಬೆಳಿಗ್ಗೆ ಇಳಿದರೆ ಹೊತ್ತು ಕಂತುವಾಗ ಹತ್ತುವುದು. ಗಂಜಿ ತಕ್ಕೊಂಡು ನಾನು ದಿನಾ ಇಳೀತಿದ್ದೆ, ನೆರಳು ಇರಲಿಲ್ಲ. ಒಂದು ಸಂಪಿಗೆ ಸಸಿ ನೆಟ್ಟೆ. ಕೂತು ಉಣ್ಲಿಕ್ಕೆ." ಅವರು ಮರದ ಕಡೆ ನೋಡಿದರು. "ಮತ್ತೆ ಬಿಡ್ಲಿಕ್ಕಾಗಲಿಲ್ಲ. ಯಾರ ಮನೆಗೆ ಹೋದರೂ ಒಂದು ಕಡ್ಡಿ ಮುರ್ಕೊಂಡು ಬರುವುದು. ಇದು ವೇಣೂರಿನ ಬೀಗರ ಮನೆದ್ದು. ಇದು ಮೂಡುಬಿದಿರೆಯಲ್ಲಿ ಮದುವೆಗೆ ಹೋದಾಗ ತಂದದ್ದು. ಇದು ಬಂಟ್ವಾಳದಲ್ಲಿ ಡಾಕ್ಟ್ರ ಮನೆ ಬೇಲಿದು, ಅವರಿಗೆ ಗೊತ್ತಿಲ್ಲ."

ಟೀಚರ್ ಜೋರಾಗಿ ನಕ್ಕರು. ನಗುತ್ತ ನಗುತ್ತ ಉತ್ತರದ ಗೋಡೆಯ ಮುಂದೆ ಬಂದು ನಿಂತರು. ಆ ಒಂದು ಗೋಡೆಯ ಮೇಲೆ ಒಂದೂ ಗಿಡವಿರಲಿಲ್ಲ. ಕೆಂಪು ಕಲ್ಲಿನ ಮೇಲೆ ಪಿಕ್ಕಾಸಿನ ಗೆರೆಗಳು ಮಾತ್ರ, ಮೇಲಿಂದ ಕೆಳಗಿನವರೆಗೆ, ಒಂದೇ ಓರೆಯಲ್ಲಿ, ಸಾವಿರಾರು.

"ಇಲ್ಲಿ ಯಾಕೆ ಎಂಥದೂ ನೆಟ್ಟಿಲ್ಲ?"

"ಅದು ಅವರ ಕೈಯ ಕೆಲಸ," ಎಂದರು ಮೈಮೂನಮ್ಮ. "ಅದರ ಮೇಲೆ ನಾನು ಎಂಥ ನೆಡುವುದು?"

ದಯಾನಂದ ಆ ಗೆರೆಗಳನ್ನು ನೋಡುತ್ತ ನಿಂತ. ಒಬ್ಬ ಮನುಷ್ಯನ ಮೂವತ್ತು ವರ್ಷ ಆ ಗೋಡೆಯಲ್ಲಿತ್ತು. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅದು ಮಣ್ಣಿನಡಿ ಹೋಗುವುದಿತ್ತು, ಅವನ ಸಹಿಯ ಮೇಲೆ. ಅವನಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಆದರೂ ಸತ್ತುಹೋದ ಆ ಇಬ್ಬರು ಮಕ್ಕಳು ಕಣ್ಣ ಮುಂದೆ ಬಂದರು. ಕೇಳದಿರಲಾಗಲಿಲ್ಲ.

"ಮಳೆಗಾಲದಲ್ಲಿ ನೀರು ತುಂಬುವುದಿಲ್ವಾ ಇಲ್ಲಿ?"

ಮೈಮೂನಮ್ಮ ಕೋಪಿಸಿಕೊಳ್ಳಲಿಲ್ಲ. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ ಬಸಳೆ ಚಪ್ಪರದ ಹಿಂದೆ ಕರೆದೊಯ್ದರು. ಅಲ್ಲಿ ಗೋಡೆಯನ್ನು ಸೀಳಿ, ಆಳೊಬ್ಬ ನಡೆದುಹೋಗುವಷ್ಟು ಅಗಲದ, ನೀರು ಹರಿದುಹೋಗುವ ಕಣಿ ಕಡಿದಿದ್ದರು. ಪದವಿನ ಇಳಿಜಾರಿನಲ್ಲಿ ಸಾಗಿ ಅದು ಕೆಳಗಿನ ಗದ್ದೆಯ ಕಡೆ ತೆರೆದುಕೊಂಡಿತ್ತು. ಕಣಿಯ ಬಾಯಿಗೆ ಬಿದಿರಿನ ತಟ್ಟಿ ಕಟ್ಟಿದ್ದರು.

"ಕೊನೆಯ ಎರಡು ವರ್ಷ ಅವರು ಕಲ್ಲು ಮಾರಲಿಲ್ಲ. ಇದನ್ನೇ ಕಡಿದದ್ದು. ‘ನಾನು ಹೋದ ಮೇಲೆ ನಿನ್ನ ಗಿಡ ನೀರಲ್ಲಿ ಕೊಳೆಯುವುದು ಬೇಡ’ ಅಂದರು. ಎಂಥ ಮಳೆ ಬಂದರೂ ಇಲ್ಲಿ ನೀರು ಪಾದ ಮುಳುಗುವಷ್ಟು ನಿಲ್ಲುವುದಿಲ್ಲ ಸರ್. ನೋಡ್ಲಿಕ್ಕೆ ಯಾರೂ ಬರಲಿಲ್ಲ."

"ಆಫೀಸಿಗೆ ಬಂದು ಹೇಳಬಹುದಿತ್ತಲ್ಲ ಅಮ್ಮ?" ಎಂದ ದಯಾನಂದ. ಅವನ ದನಿಯಲ್ಲಿ ಜೋರು ಇರಲಿಲ್ಲ.

"ಬಂದಿದ್ದೆ." ಮೈಮೂನಮ್ಮ ಹೊಂಡದ ಅಂಚಿನ ಗೂಡೊಂದನ್ನು ತೋರಿಸಿದರು. ಗೇಣುದ್ದದ ದಾಸವಾಳದ ಕಡ್ಡಿ. ಮೂರು ಎಲೆ ಒಡೆದಿತ್ತು. "ಇದು ನಿಮ್ಮ ಆಫೀಸಿಂದೇ. ನೋಟೀಸು ತಕ್ಕೊಂಡು ಬಂದು ಹೊರಗೆ ಮೂರು ಗಂಟೆ ಕೂತಿದ್ದೆ. ಮೀಟಿಂಗು ಉಂಟು, ಮುಂದಿನ ವಾರ ಬನ್ನಿ ಅಂದಿರಿ. ಹಾಗೆ ಬರುವಾಗ ಬೇಲಿಯಿಂದ ಒಂದು ಕಡ್ಡಿ ಮುರ್ಕೊಂಡೆ. ಚಂದದ ಕೆಂಪು ಅಲ್ವಾ, ನಿಮ್ಮ ದಾಸವಾಳ?"

ದಯಾನಂದನಿಗೆ ಅವರು ಬಂದದ್ದು ನೆನಪಿರಲಿಲ್ಲ. ಮುಂದಿನ ವಾರ ಬನ್ನಿ ಎಂದು ಅವನು ದಿನಕ್ಕೆ ಹತ್ತು ಜನರಿಗೆ ಹೇಳುತ್ತಿದ್ದ. ಆಫೀಸಿನ ಬೇಲಿಯಲ್ಲಿ ದಾಸವಾಳವಿದೆ ಎನ್ನುವುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ.

"ಮುಚ್ಚುತ್ತಾರೆ ಅಂತ ನೋಟೀಸು ಕೈಯಲ್ಲೇ ಇತ್ತಲ್ಲ," ಎಂದರು ಟೀಚರ್ ಮೆಲ್ಲಗೆ. "ಆದರೂ ತಂದು ಇಲ್ಲೇ ನೆಟ್ಟಿರಾ?"

"ಮತ್ತೆಲ್ಲಿ ನೆಡುವುದು ಟೀಚರೇ? ಕೈಯಲ್ಲಿ ಇಟ್ಕೊಂಡರೆ ಒಣಗ್ತದೆ."

ಆಮೇಲೆ ಟೀಚರ್ ಅಂಕಪಟ್ಟಿ ಬಿಡಿಸಿದರು. ಅದರಲ್ಲಿದ್ದ ಕಾಲಮುಗಳನ್ನು ಮೇಲಿಂದ ಕೆಳಗೆ ಓದಿ, ಒಂದಕ್ಕೂ ಅಂಕ ಹಾಕದೆ, "ಮೊದಲ ಬಹುಮಾನ ಇಲ್ಲಿಗೇ. ಕಾನೂನು ಅಂತ ಯಾರು ಹೇಳ್ತಾರೋ ಅವರನ್ನು ಇಲ್ಲಿಗೆ ಇಳಿಸ್ತೇನೆ," ಎಂದರು.

"ಬಹುಮಾನ ನಿಮ್ಮ ಇಷ್ಟ ಟೀಚರೇ," ಎಂದರು ಮೈಮೂನಮ್ಮ. "ಹೋದ ವರ್ಷ ಮೊಮ್ಮಗಳು ರಶೀನಾ ಅವಳ ಆಸೆಗೆ ಅರ್ಜಿ ಹಾಕಿದ್ದು. ಈ ವರ್ಷ ನಾನೇ ಬರೆಸಿದ್ದು. ಇದು ಗುಂಡಿ ಅಲ್ಲ, ತೋಟ ಅಂತ ಸೀಲು ಇರುವ ಒಂದು ಕಾಗದ ನನಗೆ ಬೇಕು. ಸೋಮವಾರ ಲಾರಿಯವರಿಗೆ ತೋರಿಸ್ಲಿಕ್ಕೆ. ನನ್ನ ಬಾಯಿಮಾತು ಅವರು ಕೇಳುವುದಿಲ್ಲ."

"ಬಳಗದ ಕಾಗದ ನಾನು ಈಗಲೇ ಕೊಡ್ತೇನೆ," ಎಂದರು ಟೀಚರ್.

"ಅದು ಸಾಲದು," ಎಂದ ದಯಾನಂದ. ಇಬ್ಬರೂ ಅವನ ಕಡೆ ತಿರುಗಿದರು. "ಬಳಗದ ಸೀಲಿಗೆ ಟಿಪ್ಪರ್ ನಿಲ್ಲುವುದಿಲ್ಲ. ಬರೆಯಬೇಕಾದವನು ನಾನು."

ಅವನು ಟೀಚರ ಕೈಯಿಂದ ಒಂದು ಖಾಲಿ ಹಾಳೆ ಕೇಳಿ ತೆಗೆದುಕೊಂಡು ಕೊನೆಯ ಮೆಟ್ಟಿಲ ಮೇಲೆ ಕುಳಿತ. ಮೊಣಕಾಲ ಮೇಲೆ ಹಾಳೆ ಇಟ್ಟು ಎರಡು ಸಾಲು ಬರೆದ, ಹೊಡೆದುಹಾಕಿದ. ಪೆನ್ನು ನಿಲ್ಲಿಸಿ ಸಂಪಿಗೆ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ಮತ್ತೆ ಬರೆಯತೊಡಗಿದಾಗ ನಿಲ್ಲಿಸಲಿಲ್ಲ. ಬರೆದು ಮುಗಿಸಿ, ಬ್ಯಾಗಿನಿಂದ ಪಂಚಾಯತಿಯ ಮೊಹರು ತೆಗೆದು ಒತ್ತಿ, ಗಟ್ಟಿಯಾಗಿ ಓದಿದ:

"ಸದ್ರಿ ಸ್ಥಳವನ್ನು ನಾನು ಈ ಹಿಂದೆ ರಸ್ತೆಯಿಂದ ಮಾತ್ರ ನೋಡಿ, ಪರಿಶೀಲಿಸಿದ್ದೇನೆಂದು ತಪ್ಪು ವರದಿ ಬರೆದಿರುತ್ತೇನೆ. ಈ ದಿನ ಇಳಿದು ನೋಡಿರುತ್ತೇನೆ. ಮಳೆನೀರು ಹೊರಹೋಗಲು ಕಣಿ ಇರುತ್ತದೆ. ಇದು ತೋಟ. ಇದನ್ನು ಮುಚ್ಚತಕ್ಕದ್ದಲ್ಲ."

"ತಪ್ಪು ವರದಿ ಅಂತ ನೀನೇ ಬರೆದುಕೊಟ್ಟರೆ ಮೇಲಿನವರು ಬಿಡ್ತಾರಾ?" ಎಂದರು ಟೀಚರ್.

"ಕೇಳ್ಲಿ ಟೀಚರೇ. ಬಂದು ನೋಡ್ಲಿ." ಅವನು ಎದ್ದ. "ಉಳಿದ ನಾಲ್ಕು ಕೋರೆಗಳನ್ನೂ ನಾಳೆ ಇಳಿದು ನೋಡಬೇಕು. ಮುಚ್ಚಿದ ಆರರಲ್ಲಿ ಎಂಥ ಇತ್ತೋ, ನನಗೆ ಗೊತ್ತಿಲ್ಲ."

ಮೈಮೂನಮ್ಮ ಕೊಡಪಾನ ಕೆಳಗಿಟ್ಟು, ಎರಡೂ ಕೈಗಳನ್ನು ಸೆರಗಿಗೆ ಒರಸಿಕೊಂಡು ಕಾಗದ ತೆಗೆದುಕೊಂಡರು. ಕನ್ನಡ ಓದಲು ಅವರಿಗೆ ಬರುತ್ತಿರಲಿಲ್ಲ. ಸಾಲುಗಳ ಮೇಲೆ ಕಣ್ಣಾಡಿಸಿ, ಅವನ ಮುಂದೆ ಹಿಡಿದರು.

"ಇದರಲ್ಲಿ ತೋಟ ಅಂತ ಬರೆದದ್ದು ಎಲ್ಲಿ ಸರ್?"

ದಯಾನಂದ ಬಗ್ಗಿ ತೋರಿಸಿದ. ಅವರು ಅದರ ಕೆಳಗೆ ತಮ್ಮ ಬೆರಳು ಇಟ್ಟರು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಹಾಗೇ ಉಳಿದಿತ್ತು. ಮೇಲಿನಿಂದ ಅಣ್ಣು ಎರಡು ಸಲ ಹಾರ್ನ್ ಹಾಕಿದ. ಇನ್ನೂ ಹತ್ತು ಮನೆ ಬಾಕಿಯಿತ್ತು. ಯಾರೂ ಅಲುಗಲಿಲ್ಲ, ಮೈಮೂನಮ್ಮನ ಬೆರಳು ಆ ಎರಡು ಅಕ್ಷರಗಳ ಕೆಳಗೇ ಇತ್ತು.